ಹೊಗೆಯಲ್ಲಿ ಉಳಿದ ಗಾಳಿಯ ಲೆಕ್ಕ

ಕಾರಿಗೆ ಟರ್ಬೊ ಹಾಕಿಸಿದವರು, ಹಳೆಯ ಕಾರ್ಬುರೇಟರ್ ಗಾಡಿಯನ್ನು ಹದಕ್ಕೆ ತರಬೇಕೆಂದು ಹಟ ಹಿಡಿದವರು, ರ‍್ಯಾಲಿಗೆ ಇಳಿಯುವ ಹುಡುಗರು ಡ್ಯಾಶ್‌ಬೋರ್ಡಿನ ಮೇಲೆ ಒಂದು ದುಂಡನೆಯ ಮೀಟರನ್ನು ಕೂರಿಸಿಕೊಳ್ಳುವುದುಂಟು. ಕಾರು ಕಂಪನಿ ಕೊಟ್ಟದ್ದಲ್ಲ, ಹೊರಗಿನಿಂದ ತಂದು ಹಾಕಿಸಿದ್ದು. ಏರ್-ಫ್ಯೂಯಲ್ ಮೀಟರು ಎಂದು ಅದರ ಹೆಸರು. ಒಂದು ಪಾಲು ಪೆಟ್ರೋಲು ಪೂರ್ತಿ ಉರಿಯಲು ತೂಕದ ಲೆಕ್ಕದಲ್ಲಿ 14.7 ಪಾಲು ಗಾಳಿ ಬೇಕು. ಗಾಳಿ ಅದಕ್ಕಿಂತ ಹೆಚ್ಚಾದರೆ ಗ್ಯಾರೇಜಿನ ಮಾತಿನಲ್ಲಿ ‘ಲೀನ್’, ಕಡಿಮೆಯಾದರೆ ‘ರಿಚ್’. ಬಿಸಿಯಾದ ಎಂಜಿನ್ ಸಮತಟ್ಟಾದ ರಸ್ತೆಯಲ್ಲಿ ಓಡುವಾಗ ಅಂಕಿ 14.7ರ ಆಚೀಚೆ ಆಡುತ್ತಿರಬೇಕು; ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಹನ್ನೆರಡು-ಹದಿಮೂರರ ಆಸುಪಾಸಿಗೆ ಇಳಿಯಬೇಕು, ಟರ್ಬೊ ಇದ್ದರೆ ಇನ್ನೂ ಸ್ವಲ್ಪ ಕೆಳಗೆ. ಮೀಟರು ಹೀಗೆ ನಡೆದುಕೊಳ್ಳುವವರೆಗೆ ಯಾರಿಗೂ ತಕರಾರಿಲ್ಲ. ಒಂದು ದಿನ ಐಡ್ಲಿಂಗ್‌ನಲ್ಲಿ 17 ತೋರಿಸಿತೆನ್ನಿ, ಆಗ ತೀರ್ಪು ಎರಡೇ: ಮೀಟರು ಕೆಟ್ಟಿದೆ, ಇಲ್ಲವೇ ಎಂಜಿನ್ನಿಗೆ ಪೆಟ್ರೋಲು ಸಾಲುತ್ತಿಲ್ಲ. ಎರಡೂ ಅವಸರದ ತೀರ್ಪುಗಳು. ಬಹುಪಾಲು ಸಂದರ್ಭಗಳಲ್ಲಿ ಮೀಟರು ಸರಿಯಾಗಿಯೇ ಇರುತ್ತದೆ, ಪೆಟ್ರೋಲೂ ಸಾಕಷ್ಟಿರುತ್ತದೆ. ತಪ್ಪಿರುವುದು, ಆ ಮೀಟರು ಏನನ್ನು ಅಳೆಯುತ್ತಿದೆ ಎಂಬ ನಮ್ಮ ತಿಳಿವಳಿಕೆಯಲ್ಲಿ.

ಹೆಸರಿನಲ್ಲಿ ಪೆಟ್ರೋಲು ಇದ್ದರೂ ಈ ಮೀಟರು ಪೆಟ್ರೋಲನ್ನು ಕಾಣುವುದೇ ಇಲ್ಲ. ಎಂಜಿನ್ನಿಗೆ ಒಳಹೋಗುವ ಗಾಳಿಯನ್ನೂ ಕಾಣುವುದಿಲ್ಲ. ಸೈಲೆನ್ಸರ್ ಪೈಪಿಗೆ ತಿರುಪಿದ ಸೆನ್ಸರು ಉರಿದು ಹೊರಬಂದ ಹೊಗೆಯನ್ನಷ್ಟೇ ಕಾಣುತ್ತದೆ; ಅದರಲ್ಲಿ ಉಳಿದಿರುವ ಆಮ್ಲಜನಕ ಎಷ್ಟು, ಇಲ್ಲವೇ ಉರಿಯದ ಇಂಧನವನ್ನು ಮುಗಿಸಲು ಇನ್ನೆಷ್ಟು ಆಮ್ಲಜನಕ ಬೇಕಿತ್ತು ಎಂಬುದನ್ನು ಹೇಳುತ್ತದೆ. ಉಂಡೆದ್ದವರ ಎಲೆ ನೋಡಿ ಊಟದ ಲೆಕ್ಕ ಹಾಕಿದ ಹಾಗೆ. ಇದರ ಮೂಲದಲ್ಲಿರುವುದು ಜಿರ್ಕೋನಿಯಾ ಎಂಬ ಪಿಂಗಾಣಿಯಂಥ ವಸ್ತು. ಕಾದಾಗ ಅದು ಆಮ್ಲಜನಕದ ಅಯಾನುಗಳನ್ನು ತನ್ನೊಳಗಿಂದ ಹಾಯಗೊಡುತ್ತದೆ. ಜರ್ಮನ್ ವಿಜ್ಞಾನಿ ವಾಲ್ಟರ್ ನೆರ್ನ್‌ಸ್ಟ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲೇ ಇಂಥ ವಸ್ತುವಿನಿಂದ ದೀಪ ಮಾಡಿದ್ದರು. ಅದರ ಒಂದು ಬದಿಗೆ ಹೊಗೆ, ಇನ್ನೊಂದು ಬದಿಗೆ ಹೊರಗಿನ ಗಾಳಿ ಇದ್ದರೆ ಎರಡರ ಆಮ್ಲಜನಕದ ವ್ಯತ್ಯಾಸ ವೋಲ್ಟೇಜಾಗಿ ಸಿಗುತ್ತದೆ. ಬಾಷ್ ಕಂಪನಿ ತಯಾರಿಸಿದ ಇಂಥ ಸೆನ್ಸರು 1976ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೋಗುವ ವೋಲ್ವೊ ಕಾರುಗಳಲ್ಲಿ ಮೊದಲು ಬಂತು. ಬೆಂಗಳೂರಿನ ಹಳಬರು ಇವತ್ತಿಗೂ ಮೈಕೋ ಎಂದೇ ಕರೆಯುವ ಆಡುಗೋಡಿಯ ಆವರಣ ಇದೇ ಬಾಷ್ ಬಳಗದ್ದು. ಆ ಹಳೆಯ ಬಗೆಯ ಸೆನ್ಸರಿಗೆ ‘ರಿಚ್’, ‘ಲೀನ್’ ಎಂಬ ಎರಡೇ ಮಾತು ಗೊತ್ತು. ರಿಚ್ ಆದರೆ 0.9 ವೋಲ್ಟಿನ ಹತ್ತಿರ, ಲೀನ್ ಆದರೆ 0.1ರ ಹತ್ತಿರ. ಕಾರಿನ ಕಂಪ್ಯೂಟರು ಅದನ್ನು ನೋಡುತ್ತಾ ಪೆಟ್ರೋಲನ್ನು ಒಂದಿಷ್ಟು ಏರಿಸಿ ಒಂದಿಷ್ಟು ಇಳಿಸಿ ನಡುವೆ ನಿಲ್ಲಿಸುತ್ತದೆ. ಕಡಿಮೆ ಬೆಲೆಯ ಮೀಟರುಗಳು ಈ ಸೆನ್ಸರಿನ ವೈರಿಗೇ ಕವಲು ಹಾಕಿಕೊಂಡು ಬಣ್ಣದ ದೀಪಗಳನ್ನು ಕುಣಿಸುತ್ತವೆ. ಆ ದೀಪಗಳು ಒಂದೇ ಸಮನೆ ಅತ್ತಿತ್ತ ಓಡಾಡುತ್ತಿವೆ ಎಂದು ದೂರು ಕೊಟ್ಟು ಫಲವಿಲ್ಲ, ಅವು ಹಾಗೆ ಓಡಾಡಲೇಬೇಕು. ಅಂಕಿ ತೋರಿಸುವ ಮೀಟರಿಗೆ ಬೇಕಾದದ್ದು ‘ವೈಡ್‌ಬ್ಯಾಂಡ್’ ಸೆನ್ಸರು. ಅದರೊಳಗೆ ಒಂದು ಸಣ್ಣ ಕೋಣೆ ಇದೆ; ಆ ಕೋಣೆಯ ಹೊಗೆಯನ್ನು ಸದಾ ಸಮತೋಲದಲ್ಲಿಡಲು ಆಮ್ಲಜನಕವನ್ನು ಒಳಕ್ಕೋ ಹೊರಕ್ಕೋ ಪಂಪು ಮಾಡುತ್ತಾರೆ, ಪಂಪು ಮಾಡಲು ಹಿಡಿದ ಕರೆಂಟೇ ಅಳತೆ. ಇಂದು ಹೆಚ್ಚು ಬಳಕೆಯಲ್ಲಿರುವ ಬಾಷ್ ಎಲ್‌ಎಸ್‌ಯು 4.9 ಸೆನ್ಸರಿನ ತುದಿ ಇದಕ್ಕಾಗಿ ಸುಮಾರು 780 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯುತ್ತಿರಬೇಕು.

ಉಳಿದ ಆಮ್ಲಜನಕದ ಲೆಕ್ಕ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಆ 17ರ ಒಗಟು ಬಿಡಿಸಿಕೊಳ್ಳತೊಡಗುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಒಂದು ಪ್ಲಗ್ ಸರಿಯಾಗಿ ಕಿಡಿ ಹಾರಿಸುತ್ತಿಲ್ಲ, ಮೆಕ್ಯಾನಿಕ್ಕರು ಹೇಳುವಂತೆ ಗಾಡಿ ‘ಮಿಸ್ಸಿಂಗ್’ ಹೊಡೆಯುತ್ತಿದೆ ಎಂದುಕೊಳ್ಳಿ. ಆ ಸಿಲಿಂಡರಿನ ಗಾಳಿ ಉರಿಯದೆ ಹಾಗೆಯೇ ಹೊರಬೀಳುತ್ತದೆ. ಅದರ ಜೊತೆಗೆ ಉರಿಯದ ಪೆಟ್ರೋಲೂ ಬರುತ್ತದೆ, ನಿಜ. ಆದರೆ ಸೆನ್ಸರಿನ ತುದಿಯಲ್ಲಿ ಅದರ ಒಂದು ಪಾಲು ಮಾತ್ರ ಉರಿದು ಲೆಕ್ಕಕ್ಕೆ ಸೇರುತ್ತದೆ, ಗಾಳಿಯಷ್ಟು ಚೆನ್ನಾಗಿ ಅದು ಲೆಕ್ಕಕ್ಕೆ ಸಿಗುವುದಿಲ್ಲ. ಸೆನ್ಸರಿಗೆ ಕಾಣುವುದು ಹೊಗೆಯ ತುಂಬ ಆಮ್ಲಜನಕ. ಮೀಟರು ‘ಲೀನ್’ ಎನ್ನುತ್ತದೆ. ಈಗ ಮೆಕ್ಯಾನಿಕ್ ಪೆಟ್ರೋಲು ಹೆಚ್ಚಿಸುತ್ತಾನೆ. ಹೆಚ್ಚಿದ ಪೆಟ್ರೋಲಿಗೆ ಪ್ಲಗ್‌ಗಳು ಮಸಿ ಹಿಡಿದು ಒದ್ದೆಯಾಗುತ್ತವೆ, ಮಿಸ್ಸಿಂಗ್ ಇನ್ನಷ್ಟು ಜಾಸ್ತಿಯಾಗುತ್ತದೆ, ಮೀಟರು ಇನ್ನೂ ಲೀನ್ ತೋರಿಸುತ್ತದೆ. ಅವನು ಮತ್ತೆ ಪೆಟ್ರೋಲು ಹೆಚ್ಚಿಸುತ್ತಾನೆ. ಹೊಗೆ ಕೊಳವೆಯಿಂದ ಹಸಿ ಪೆಟ್ರೋಲಿನ ವಾಸನೆ ಮೂಗಿಗೆ ಬಡಿಯುತ್ತಿದ್ದರೂ ಮೀಟರು ಪೆಟ್ರೋಲು ಸಾಲದೆನ್ನುತ್ತಿದೆಯಲ್ಲ ಎಂಬ ಗೊಂದಲ ಹುಟ್ಟುವುದು ಇಲ್ಲೇ. ಮೂಗು ಒಂದನ್ನೂ ಮೀಟರು ಇನ್ನೊಂದನ್ನೂ ಹೇಳಿದಾಗ ಮೊದಲು ನೋಡಬೇಕಾದದ್ದು ಪ್ಲಗ್, ಕಾಯಿಲ್ ಮತ್ತು ಅವುಗಳ ವೈರು. ಪೆಟ್ರೋಲಿನ ಪ್ರಮಾಣವನ್ನು ಅದಾದ ಮೇಲೆ ಮುಟ್ಟಬಹುದು.

ಇದಕ್ಕೊಂದು ಸಿದ್ಧ ಉತ್ತರ ಗ್ಯಾರೇಜುಗಳಲ್ಲಿ ಇದೆ: ರಿಚ್ ಇದ್ದರೆ ಎಂಜಿನ್ನಿಗೆ ಅಪಾಯವಿಲ್ಲ, ಲೀನ್ ಆದರೆ ಪಿಸ್ಟನ್ ಹೋಗುತ್ತದೆ, ಆದ್ದರಿಂದ ಮೀಟರು ಲೀನ್ ಎಂದಾಗ ಕಣ್ಣು ಮುಚ್ಚಿ ಪೆಟ್ರೋಲು ಹೆಚ್ಚಿಸುವುದೇ ಕ್ಷೇಮ. ಇದರಲ್ಲಿ ಅರ್ಧ ನಿಜವಿದೆ. ಟರ್ಬೊ ಗಾಡಿಯಲ್ಲಿ ಪೂರ್ತಿ ವೇಗ ತೆಗೆಯುವಾಗ ಅಂಕಿ 12ರಿಂದ 15ಕ್ಕೆ ಜಿಗಿದರೆ ತರ್ಕ ಮಾಡುತ್ತಾ ಕೂರುವ ಹೊತ್ತಲ್ಲ ಅದು. ಕಾಲು ತೆಗೆಯಬೇಕು, ಮೀಟರು ಹೇಳಿದ್ದು ನಿಜವೆಂದೇ ನಂಬಿ ಗಾಡಿ ನಿಲ್ಲಿಸಬೇಕು. ಪೆಟ್ರೋಲ್ ಪಂಪೋ ಫಿಲ್ಟರೋ ಕೈಕೊಟ್ಟಿದ್ದರೆ ನಿಮಿಷದೊಳಗೆ ಪಿಸ್ಟನ್ ಕರಗಬಹುದು. ಆದರೆ ಇದೇ ನಿಯಮವನ್ನು ಐಡ್ಲಿಂಗ್‌ಗೂ ಊರೊಳಗಿನ ಓಡಾಟಕ್ಕೂ ಅನ್ವಯಿಸಿದರೆ ಕ್ಷೇಮ ಎಲ್ಲಿಂದ ಬಂತು? ಹೆಚ್ಚುವರಿ ಪೆಟ್ರೋಲು ಸಿಲಿಂಡರಿನ ಗೋಡೆಯ ಆಯಿಲನ್ನು ತೊಳೆದುಹಾಕುತ್ತದೆ, ಕೆಳಗಿಳಿದು ಎಂಜಿನ್ ಆಯಿಲನ್ನು ನೀರಾಗಿಸುತ್ತದೆ. ಉರಿಯದೆ ಹೊರಬಿದ್ದದ್ದು ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಹೊತ್ತಿಕೊಂಡು ಅದನ್ನು ಸುಟ್ಟು ಕೂರಿಸುತ್ತದೆ. ಮೀಟರಿನ ಮಾತು ಕೇಳಿ ಮಾಡಿದ ಈ ಖರ್ಚು ಮೀಟರಿನ ಬೆಲೆಯನ್ನು ಎಲ್ಲೋ ದಾಟಿಹೋಗಿರುತ್ತದೆ.

ಮಿಸ್ಸಿಂಗ್ ಇಲ್ಲ, ಎಂಜಿನ್ ನುಣುಪಾಗಿ ಓಡುತ್ತಿದೆ, ಆದರೂ ಐಡ್ಲಿಂಗ್‌ನಲ್ಲಿ ಲೀನ್ ಎನ್ನುವುದಾದರೆ ಅನುಮಾನ ಪೈಪಿನ ಕಡೆಗೆ ತಿರುಗಬೇಕು. ಹೊಗೆ ಪೈಪಿನಲ್ಲಿ ನದಿಯಂತೆ ಸಮನಾಗಿ ಹರಿಯುವುದಿಲ್ಲ. ಒಂದೊಂದು ಸಿಲಿಂಡರಿನಿಂದ ಒಂದೊಂದು ಅಲೆಯಾಗಿ ಬರುತ್ತದೆ. ಎರಡು ಅಲೆಗಳ ನಡುವೆ ಪೈಪಿನೊಳಗಿನ ಒತ್ತಡ ಹೊರಗಿನದಕ್ಕಿಂತ ಕ್ಷಣಮಾತ್ರ ಕೆಳಗಿಳಿಯುತ್ತದೆ. ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಸಡಿಲಾಗಿದ್ದರೆ, ಸೆನ್ಸರಿಗಾಗಿ ವೆಲ್ಡ್ ಮಾಡಿಸಿದ ಗೂಡಿನಲ್ಲಿ ಕೂದಲೆಳೆಯ ಬಿರುಕಿದ್ದರೆ, ಆ ಕ್ಷಣದಲ್ಲಿ ಹೊರಗಿನ ಗಾಳಿ ಒಳಕ್ಕೆ ನುಗ್ಗುತ್ತದೆ. ಆ ಗಾಳಿ ಎಂಜಿನ್ನನ್ನು ನೋಡಿಯೇ ಇಲ್ಲ, ಆದರೆ ಸೆನ್ಸರಿಗೆ ಅದು ಹೇಗೆ ಗೊತ್ತಾಗಬೇಕು? ವೇಗ ಹೆಚ್ಚಿದಂತೆ ಅಲೆಗಳು ಒತ್ತೊತ್ತಾಗಿ, ಹೊಗೆಯ ಪ್ರಮಾಣವೂ ಹೆಚ್ಚಿ, ಸೋರಿ ಬಂದ ಗಾಳಿ ಲೆಕ್ಕಕ್ಕಿಲ್ಲದಂತಾಗುತ್ತದೆ. ಆದ್ದರಿಂದ ಐಡ್ಲಿಂಗ್‌ನಲ್ಲಿ ಲೀನ್, ಮೂರು ಸಾವಿರ ಸುತ್ತಿನಲ್ಲಿ ಸರಿ ಎಂದರೆ ಸೋರಿಕೆಯ ಗುರುತು. ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಕಿವಿಗೊಟ್ಟರೆ ಟಿಕ್ ಟಿಕ್ ಸದ್ದು ಕೇಳಬಹುದು. ಲೋಹ ಬಿಸಿಯಾಗಿ ಹಿಗ್ಗಿದ ಮೇಲೆ ಆ ಸದ್ದು ಅಡಗುತ್ತದೆ. ಒಂದು ತೊಡಕಿದೆ. ಇನ್‌ಟೇಕ್ ಕಡೆಯ ರಬ್ಬರ್ ಹೋಸ್ ಹರಿದು ಗಾಳಿ ಎಳೆದುಕೊಳ್ಳುತ್ತಿದ್ದರೂ ಇದೇ ಚಹರೆ ಕಾಣಿಸುತ್ತದೆ, ಆದರೆ ಆಗ ಎಂಜಿನ್ ನಿಜವಾಗಿಯೂ ಲೀನ್ ಆಗಿರುತ್ತದೆ. ಎರಡನ್ನೂ ಬೇರ್ಪಡಿಸಲು ಮೀಟರಿನಿಂದಾಗದು. ಕೊಳವೆಗಳಿಗೆ ಹೊಗೆ ತುಂಬಿ ಎಲ್ಲಿ ಹೊರಬರುತ್ತದೆಂದು ನೋಡುವ ಪರೀಕ್ಷೆಯೇ ಬೇಕು. ಸೆನ್ಸರಿನ ಜಾಗವನ್ನೂ ಇದೇ ಸಂದರ್ಭದಲ್ಲಿ ನೋಡಿಬಿಡುವುದು ಒಳ್ಳೆಯದು: ಟರ್ಬೊ ಇದ್ದರೆ ಅದರ ನಂತರ, ಕ್ಯಾಟಲಿಟಿಕ್ ಕನ್ವರ್ಟರಿಗೆ ಮೊದಲು. ಕನ್ವರ್ಟರಿನ ಆಚೆಗೆ ಕೂರಿಸಿದರೆ, ಉಳಿದ ಆಮ್ಲಜನಕವನ್ನು ಅದು ಆಗಲೇ ಖರ್ಚು ಮಾಡಿರುತ್ತದೆ.

ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ಘಾಟಿ ಇಳಿಯುವಾಗ ಗಾಡಿ ಗೇರಿನಲ್ಲಿದ್ದು ಕಾಲು ಆಕ್ಸಿಲರೇಟರಿನಿಂದ ಹೊರಗಿದ್ದರೆ ಮೀಟರು ಒಮ್ಮೆಲೇ ತನ್ನ ಮೇಲ್ತುದಿಗೆ ಓಡಿಹೋಗುತ್ತದೆ, ಕೆಲವು ಮೀಟರುಗಳಲ್ಲಿ ಅಂಕಿಯೇ ಮಾಯವಾಗಿ ಅಡ್ಡಗೆರೆಗಳು ಮೂಡುತ್ತವೆ. ಹೆದರಬೇಕಿಲ್ಲ. ಇಂಜೆಕ್ಷನ್ ಗಾಡಿಗಳಲ್ಲಿ ಆಗ ಪೆಟ್ರೋಲು ಪೂರ್ತಿ ನಿಂತಿರುತ್ತದೆ, ಪೈಪಿನಲ್ಲಿ ಹರಿಯುತ್ತಿರುವುದು ಬರೀ ಗಾಳಿ. ಇದು ಖರ್ಚಿಲ್ಲದ ಒಂದು ಪರೀಕ್ಷೆಯೂ ಹೌದು: ಕಾಲು ತೆಗೆದ ಎರಡು-ಮೂರು ಸೆಕೆಂಡಿನೊಳಗೆ ಅಂಕಿ ಮೇಲ್ತುದಿ ಮುಟ್ಟದೆ ತೆವಳುತ್ತಾ ಏರುತ್ತಿದ್ದರೆ ಸೆನ್ಸರಿಗೆ ಮುಪ್ಪು ಬಂದಿದೆ ಎಂದು ಅರ್ಥ.

ಪೈಪು, ಪ್ಲಗ್ ಎರಡೂ ಸರಿಯಿದ್ದರೆ ಇನ್ನುಳಿದದ್ದು ವೈರು. ಇಲ್ಲಿ ಮೀಟರಿನ ತಪ್ಪಿಗಿಂತ ಅದನ್ನು ಕೂರಿಸಿದ ಕೈಯ ತಪ್ಪೇ ಹೆಚ್ಚು. ಸೆನ್ಸರಿನ ತುದಿಯನ್ನು ಕಾಯಿಸಲು ಮೊದಲ ಕೆಲವು ಸೆಕೆಂಡು ಎರಡು-ಮೂರು ಆಂಪಿಯರ್ ಕರೆಂಟು ಬೇಕಾಗುತ್ತದೆ. ಮ್ಯೂಸಿಕ್ ಸಿಸ್ಟಮ್ಮಿನ ಹಿಂದೆ ಸಿಕ್ಕ ತೆಳುವಾದ ವೈರಿಗೆ ಇದನ್ನು ಜೋಡಿಸಿದರೆ ವೋಲ್ಟೇಜು ಕುಸಿದು ಮೀಟರು ಪದೇ ಪದೇ ಆರಿ ಹೊತ್ತುತ್ತದೆ, ಇಲ್ಲವೇ ಸೆನ್ಸರ್ ಎರರ್ ಎನ್ನುತ್ತದೆ. ಬೇರೆ ಫ್ಯೂಸಿನಿಂದ, ಇಗ್ನಿಷನ್ ಆನ್ ಆದಾಗ ಮಾತ್ರ ಬರುವ ದಪ್ಪನೆಯ ವೈರು ಇದಕ್ಕೆ ಬೇಕು. ಅರ್ಥಿಂಗ್ ಇನ್ನೂ ನಾಜೂಕಿನ ವಿಷಯ. ಮೀಟರಿನಿಂದ ಟ್ಯೂನಿಂಗ್ ಕಂಪ್ಯೂಟರಿಗೆ ಸೊನ್ನೆಯಿಂದ ಐದು ವೋಲ್ಟಿನ ಒಂದು ವೈರು ಹೋಗಿರುತ್ತದೆ. ಐದು ವೋಲ್ಟಿನಲ್ಲಿ 10ರಿಂದ 20ರವರೆಗಿನ ಅಂಕಿಯನ್ನು ಹರಡಿದ್ದಾರೆಂದರೆ ಒಂದು ವೋಲ್ಟಿಗೆ ಎರಡು ಅಂಕಿ. ಮೀಟರಿನ ಅರ್ತ್ ಡ್ಯಾಶ್‌ಬೋರ್ಡಿನ ತುಕ್ಕು ಹಿಡಿದ ಸ್ಕ್ರೂಗೆ, ಕಂಪ್ಯೂಟರಿನದು ಎಂಜಿನ್ನಿಗೆ ಕೂತಿದ್ದು, ನಡುವೆ 0.2 ವೋಲ್ಟಿನ ವ್ಯತ್ಯಾಸವಿದ್ದರೆ ಸಾಕು, ಮೀಟರು 12.5 ಎಂದಾಗ ಕಂಪ್ಯೂಟರು 12.9 ಎಂದು ಬರೆದುಕೊಳ್ಳುತ್ತದೆ. ಕಂಪ್ಯೂಟರಿನ ಅಂಕಿ ನಂಬಿ ಟ್ಯೂನ್ ಮಾಡಿದವನ ತಪ್ಪು ಅವನಿಗೆ ಕಾಣುವುದೇ ಇಲ್ಲ. ಎರಡೂ ಅರ್ತ್ ವೈರುಗಳನ್ನು ಒಂದೇ ಜಾಗಕ್ಕೆ ತಂದರೆ ಈ ಜಗಳ ಮುಗಿಯುತ್ತದೆ. ಎಂಜಿನ್ ಓಡುತ್ತಿರುವಾಗ ಎರಡು ಅರ್ತ್‌ಗಳ ನಡುವೆ ಮಲ್ಟಿಮೀಟರ್ ಹಿಡಿದರೆ ವ್ಯತ್ಯಾಸ ಇದೆಯೋ ಇಲ್ಲವೋ ಒಂದು ನಿಮಿಷದಲ್ಲಿ ತಿಳಿಯುತ್ತದೆ.

ವೈರಿನ ಕತೆಯಲ್ಲಿ ಇನ್ನೊಂದಿದೆ, ಅದನ್ನು ತಿಳಿಯದೆ ಮಾಡಿಕೊಳ್ಳುವವರೇ ಬಹಳ. ಸೆನ್ಸರಿನ ಪ್ಲಾಸ್ಟಿಕ್ ಕನೆಕ್ಟರು ಎಂಜಿನ್ ಗೋಡೆಯ ತೂತಿನಲ್ಲಿ ಹಾಯುವುದಿಲ್ಲವೆಂದು ಅದನ್ನು ಕತ್ತರಿಸಿ, ವೈರು ಎಳೆದು, ಆಚೆಗೆ ಬೆಸುಗೆ ಹಾಕಿ ಟೇಪು ಸುತ್ತುತ್ತಾರೆ. ಆ ಕನೆಕ್ಟರಿನ ಹೊಟ್ಟೆಯಲ್ಲಿ ಒಂದು ಪುಟ್ಟ ರೆಸಿಸ್ಟರ್ ಇರುತ್ತದೆ. ಎರಡು ಸೆನ್ಸರುಗಳು ಒಂದೇ ಅಚ್ಚಿನಲ್ಲಿ ತಯಾರಾದರೂ ತದ್ವತ್ ಒಂದೇ ಆಗಿರುವುದಿಲ್ಲ. ಒಂದೊಂದನ್ನೂ ಕಾರ್ಖಾನೆಯಲ್ಲಿ ಅಳೆದು ಅದರದೇ ತಿದ್ದುಪಡಿಯನ್ನು ಆ ರೆಸಿಸ್ಟರಿನಲ್ಲಿ ಇಟ್ಟಿರುತ್ತಾರೆ. ಕನೆಕ್ಟರು ಹೋದರೆ ಆ ತಿದ್ದುಪಡಿಯೂ ಕಸದ ಬುಟ್ಟಿಗೆ. ಹಾಗೆಯೇ ಹಳೆಯ ಎಲ್‌ಎಸ್‌ಯು 4.2 ಸೆನ್ಸರಿನ ಮೀಟರಿಗೆ ಹೊಸ 4.9ನ್ನು ವೈರು ಕತ್ತರಿಸಿ ಜೋಡಿಸುವ ಸಾಹಸವೂ ಬೇಡ. ಮೀಟರು ಸೆನ್ಸರಿನ ಬಿಸಿಯನ್ನು ಅದರೊಳಗಿನ ವಿದ್ಯುತ್ ತಡೆಯಿಂದ ತಿಳಿಯುತ್ತದೆ: ಹಳೆಯದಕ್ಕೆ ಅದು 80 ಓಮ್, ಹೊಸದಕ್ಕೆ 300. ಬಿಸಿ ಹೆಚ್ಚಿದಂತೆ ತಡೆ ಇಳಿಯುವುದರಿಂದ, 80ಕ್ಕೆ ತರುವ ಭರದಲ್ಲಿ ಹಳೆಯ ಮೀಟರು ಹೊಸ ಸೆನ್ಸರನ್ನು ಅತಿಯಾಗಿ ಕಾಯಿಸಿ ಸುಡುತ್ತದೆ.

ಇಷ್ಟೆಲ್ಲ ತಲೆನೋವು ಯಾಕೆ, ಹೊಸ ಸೆನ್ಸರು ತಂದು ಹಾಕಿದರೆ ಮುಗಿಯಿತಲ್ಲ ಎನ್ನುವವರಿದ್ದಾರೆ. ಸೆನ್ಸರು ಸವೆಯುವ ವಸ್ತು, ಒಂದು ದಿನ ಬದಲಾಯಿಸಲೇಬೇಕು, ಆ ಮಾತು ಒಪ್ಪತಕ್ಕದ್ದೇ. ಆದರೆ ಹಳೆಯದು ಯಾಕೆ ಸತ್ತಿತು ಎಂದು ಕೇಳದೆ ತಂದ ಹೊಸದು ಅದೇ ಕಾರಣಕ್ಕೆ ಸಾಯುತ್ತದೆ, ಹಲವು ಸಾವಿರ ರೂಪಾಯಿ ಮತ್ತೆ ಕೈಬಿಡುತ್ತದೆ. ಅದನ್ನು ಕೊಲ್ಲುವವು ಕೆಲವೇ. ಎಂಜಿನ್ ಆಯಿಲ್ ಉರಿಯುತ್ತಿದ್ದರೆ ಅದರ ರಾಸಾಯನಿಕಗಳು ತುದಿಯ ಮೇಲೆ ಪದರ ಕಟ್ಟುತ್ತವೆ. ಹೆಡ್ ಗ್ಯಾಸ್ಕೆಟ್ ಸೋರಿ ಕೂಲೆಂಟ್ ಉರಿದರೂ ಹಾಗೇ. ವಿನೆಗರಿನಂಥ ಹುಳಿ ವಾಸನೆ ಬೀರುವ ಮಾಮೂಲಿ ಸಿಲಿಕೋನ್ ಗ್ಯಾಸ್ಕೆಟ್ ಪೇಸ್ಟೂ ವಿಷವೇ. ಆಕ್ಸಿಜನ್ ಸೆನ್ಸರಿಗೆ ಹಾನಿಯಿಲ್ಲ ಎಂದು ಟ್ಯೂಬಿನ ಮೇಲೆ ಬರೆದಿದ್ದನ್ನೇ ಕೊಳ್ಳಬೇಕು. ಸೀಸ ಬೆರೆತ ಪೆಟ್ರೋಲು ಭಾರತದಲ್ಲಿ 2000ದಲ್ಲೇ ನಿಂತಿತು, ರೇಸಿಗೆಂದು ತರಿಸುವ ಕೆಲವು ಇಂಧನಗಳಲ್ಲಿ ಮಾತ್ರ ಅದರ ಭಯ ಉಳಿದಿದೆ. ಎಲ್ಲಕ್ಕಿಂತ ಸಾಮಾನ್ಯ ಕೊಲೆಗಾರ ನೀರು. ಎಂಜಿನ್ ಆರಿದ ಮೇಲೆ ಪೈಪಿನ ಆವಿ ತಣಿದು ಹನಿಯಾಗುತ್ತದೆ. ಕೀಲಿ ಆನ್ ಮಾಡಿ ಅರ್ಧ ಗಂಟೆ ಹಾಡು ಕೇಳುತ್ತಾ ಕೂತರೆ ಸೆನ್ಸರು ಕೆಂಡವಾಗಿರುತ್ತದೆ. ಆಮೇಲೆ ಸ್ಟಾರ್ಟ್ ಮಾಡಿದಾಗ ಚಿಮ್ಮುವ ಹನಿ ಕಾದ ಪಿಂಗಾಣಿಗೆ ತಾಗಿ ಅದು ಸೀಳುತ್ತದೆ. ಸೆನ್ಸರನ್ನು ಅಡ್ಡಕ್ಕಿಂತ ಕನಿಷ್ಠ ಹತ್ತು ಡಿಗ್ರಿಯಾದರೂ ಮೇಲಕ್ಕೆ ವಾಲಿಸಿ ಕೂರಿಸಬೇಕೆನ್ನುವುದು ನೀರು ಅದರಲ್ಲಿ ನಿಲ್ಲಬಾರದೆಂದೇ.

ಪೆಟ್ರೋಲು ಬದಲಾದಾಗಲೂ ಮೀಟರಿನ ಮೇಲೆ ಗೂಬೆ ಕೂರಿಸುವುದಿದೆ. ಶೇಕಡಾ 20 ಎಥನಾಲ್ ಬೆರೆತ ಇ20 ಪೆಟ್ರೋಲಿಗೆ ಚಾಲನೆ ಸಿಕ್ಕಿದ್ದು 2023ರ ಫೆಬ್ರವರಿ 6ರಂದು, ಬೆಂಗಳೂರಿನಲ್ಲಿ ನಡೆದ ಇಂಡಿಯಾ ಎನರ್ಜಿ ವೀಕ್‌ನಲ್ಲಿ. ಎಥನಾಲಿನೊಳಗೇ ಆಮ್ಲಜನಕವಿರುವುದರಿಂದ ಅದು ಉರಿಯಲು ಒಂದು ಪಾಲಿಗೆ ಒಂಬತ್ತು ಪಾಲು ಗಾಳಿ ಸಾಕು. ಇ20ಕ್ಕೆ ಲೆಕ್ಕ ಹಾಕಿದರೆ ಸರಿಯಾದ ಪ್ರಮಾಣ 14.7 ಅಲ್ಲ, ಸುಮಾರು 13.5. ಹಾಗಾದರೆ ಇ20 ಹಾಕಿದ ಗಾಡಿಯ ಮೀಟರು 13.5 ತೋರಿಸಬೇಕೇ? ಬೇಡ. ಅದು 14.7 ಎಂದೇ ತೋರಿಸಬೇಕು, ಮತ್ತು ಅದೇ ಸರಿ. ಸೆನ್ಸರು ಅಳೆಯುವುದು ಸಮತೋಲದಿಂದ ಎಷ್ಟು ದೂರ ಎಂಬುದನ್ನು. ಎಂಜಿನಿಯರುಗಳು ಅದನ್ನು ಲ್ಯಾಂಬ್ಡಾ ಎನ್ನುತ್ತಾರೆ, ಸಮತೋಲದಲ್ಲಿ ಅದರ ಬೆಲೆ 1. ಮೀಟರು ಆ ಒಂದನ್ನು 14.7ರಿಂದ ಗುಣಿಸಿ ನಮ್ಮ ಮುಂದಿಡುತ್ತದೆ, ಟ್ಯಾಂಕಿನಲ್ಲಿ ಏನಿದೆಯೆಂದು ಅದಕ್ಕೆ ತಿಳಿಯದು. ಇ20ಕ್ಕೆ 13.5 ಬೇಕೆಂದು ಎಲ್ಲೋ ಓದಿ ಮೀಟರಿನ ಅಂಕಿಯನ್ನು ಅಲ್ಲಿಗೆ ಇಳಿಸಿದವರು ಪೆಟ್ರೋಲನ್ನು ಬೇಕಾದ್ದಕ್ಕಿಂತ ಸುಮಾರು ಶೇಕಡಾ ಒಂಬತ್ತರಷ್ಟು ಹೆಚ್ಚು ಸುರಿದ ಹಾಗಾಯಿತು. ಇನ್ನು ಶುದ್ಧ ಪೆಟ್ರೋಲಿಗೆ ಜೆಟ್ ಕೂರಿಸಿದ ಹಳೆಯ ಕಾರ್ಬುರೇಟರ್ ಗಾಡಿಗೆ ಇ20 ಹಾಕಿದಾಗ ಮೀಟರು 15.5ರ ಆಚೆ ಹೋದರೆ ಅದು ಸುಳ್ಳಲ್ಲ. ಗಾಡಿ ನಿಜಕ್ಕೂ ಲೀನ್ ಆಗಿದೆ, ಜೆಟ್ ಬದಲಾಯಿಸಬೇಕು. ಮೀಟರಿನ ಸೆಟ್ಟಿಂಗ್‌ನಲ್ಲಿ ಲ್ಯಾಂಬ್ಡಾ ಎಂಬ ಆಯ್ಕೆಯಿದ್ದರೆ ಅದಕ್ಕೆ ಬದಲಿಸಿಕೊಳ್ಳುವುದು ಇವತ್ತಿನ ದಿನಗಳಲ್ಲಿ ಜಾಣತನ.

ಹಳೆಯ ಮೇಸ್ತ್ರಿಗಳ ಆಕ್ಷೇಪ ಬೇರೆಯೇ: ಪ್ಲಗ್ ಬಿಚ್ಚಿ ಬಣ್ಣ ನೋಡಿದರೆ ಗೊತ್ತಾಗುವುದಿಲ್ಲವೇ, ಇದೆಲ್ಲ ಯಾಕೆ? ಪ್ಲಗ್ಗಿನ ಬಣ್ಣ ಹಲವು ದಿನಗಳ ಸರಾಸರಿಯನ್ನು ಹೇಳುತ್ತದೆ. ನಾಲ್ಕು ಸಾವಿರ ಸುತ್ತಿನಲ್ಲಿ ಅರ್ಧ ಸೆಕೆಂಡು ಪೆಟ್ರೋಲು ಕಡಿಮೆಯಾದದ್ದನ್ನು ಅದು ಹೇಳಲಾರದು. ಆದರೂ ಮೇಸ್ತ್ರಿಯ ಕಣ್ಣನ್ನು ತಳ್ಳಿಹಾಕುವುದು ತಪ್ಪು. ಯಾವ ಸಿಲಿಂಡರು ಎಂಬುದನ್ನು ಹೇಳಬಲ್ಲದ್ದು ಪ್ಲಗ್ಗೇ; ಎಲ್ಲ ಸಿಲಿಂಡರುಗಳ ಹೊಗೆ ಬೆರೆತ ಮೇಲೆ ನೋಡುವ ಮೀಟರಿಗೆ ಅದು ಸಾಧ್ಯವಿಲ್ಲ. ಎರಡನೆಯ ಸಾಕ್ಷಿಯಾಗಿ ಕಾರಿನದೇ ಕಂಪ್ಯೂಟರಿದೆ. ಓಬಿಡಿ ಸ್ಕ್ಯಾನರ್ ಚುಚ್ಚಿ ಫ್ಯೂಯಲ್ ಟ್ರಿಮ್, ಅಂದರೆ ಕಂಪ್ಯೂಟರು ಪೆಟ್ರೋಲನ್ನು ಎಷ್ಟು ಏರಿಸಿದೆ ಅಥವಾ ಇಳಿಸಿದೆ ಎಂಬುದನ್ನು ನೋಡಿ: ಅದು ಸೊನ್ನೆಯ ಹತ್ತಿರವಿದ್ದು ಮೀಟರು ಮಾತ್ರ 16 ಎನ್ನುತ್ತಿದ್ದರೆ ಮೀಟರಿನ ಪೈಪಿನ ಗೂಡನ್ನೋ ವೈರನ್ನೋ ಅನುಮಾನಿಸಬೇಕು, ಟ್ರಿಮ್ಮೇ ಶೇಕಡಾ 20 ಏರಿದ್ದರೆ ಎರಡು ಸೆನ್ಸರುಗಳೂ ಒಂದೇ ಮಾತು ಹೇಳುತ್ತಿವೆ, ಮೀಟರನ್ನು ಬಿಟ್ಟು ಎಂಜಿನ್ನಿನ ಕಡೆ ತಿರುಗಬೇಕು. ಎಲ್ಲ ಮುಗಿದ ಮೇಲೂ ಅನುಮಾನ ಉಳಿದರೆ ಸೆನ್ಸರನ್ನು ಬಿಚ್ಚಿ, ಬೇರೆ ಗಾಡಿಯ ಹೊಗೆ ಸುಳಿಯದ ಬಯಲಿನಲ್ಲಿ ತೂಗುಬಿಟ್ಟು ಮೀಟರು ಆನ್ ಮಾಡಬೇಕು. ಬಯಲ ಗಾಳಿಯಲ್ಲಿ ಆಮ್ಲಜನಕ ಶೇಕಡಾ 20.9. ಅಲ್ಲೂ ಮೀಟರು ಮೇಲ್ತುದಿ ಮುಟ್ಟದಿದ್ದರೆ, ಆಗ ಮಾತ್ರ ಸೆನ್ಸರೋ ಮೀಟರೋ ಕೆಟ್ಟಿದೆ ಎನ್ನಬಹುದು.

ಏನನ್ನೂ ಬದಲಿಸದ, ಶೋರೂಮಿನಿಂದ ಬಂದ ಹಾಗೇ ಇರುವ ಗಾಡಿಗೆ ಈ ಮೀಟರು ಬೇಕೇ ಎಂದರೆ, ಬೇಡ. ಅಂಥ ಗಾಡಿಯ ಕಂಪ್ಯೂಟರು ಈ ಕೆಲಸವನ್ನು ಸೆಕೆಂಡಿಗೆ ಹಲವು ಸಲ ಮಾಡುತ್ತಲೇ ಇರುತ್ತದೆ. ಡ್ಯಾಶ್‌ಬೋರ್ಡಿನ ಅಂಕಿ ಮಾಲೀಕರ ನಿದ್ದೆ ಕೆಡಿಸುವುದಕ್ಕಷ್ಟೇ ಉಪಯೋಗ. ಹಾಕಿಸಿಕೊಂಡ ಮೇಲೆ ಬೇಡವೆನಿಸಿ ಮೀಟರನ್ನು ಕಿತ್ತರೆ ಸೆನ್ಸರನ್ನು ಮಾತ್ರ ಪೈಪಿನಲ್ಲೇ ಬಿಡಬೇಡಿ. ಕಾಯದೆ ತಣ್ಣಗೆ ಕೂತ ಸೆನ್ಸರು ಮಸಿ ಹಿಡಿದು ಕೆಟ್ಟುಹೋಗುತ್ತದೆ. ಅದನ್ನು ಬಿಚ್ಚಿ ಡಬ್ಬಿಯಲ್ಲಿಟ್ಟು, ಆ ತೂತಿಗೆ 18 ಮಿಲಿಮೀಟರಿನ ಒಂದು ಬೋಲ್ಟು ಹಾಕಿಸಿಬಿಡಿ.